ಜ್ವರ ಬಿಟ್ಟ ರಾತ್ರಿ, ಏಳನೇ ಬೆಡ್: ಪೇಷೆಂಟ್ ನೋಡಿ ನಿರ್ಧರಿಸುವುದು ಹೇಗೆ? ನರ್ಸಿಂಗ್ ವಿದ್ಯಾರ್ಥಿಗಳಿಗೆ ಮಾರ್ಗದರ್ಶಿ

"ಸಿಸ್ಟರ್, ಜ್ವರ ಪೂರ್ತಿ ಬಿಟ್ಟಿದೆ. ನಾಳೆ ಮನೆಗೆ ಕಳಿಸ್ತಾರಾ?"

ಮಳೆಗಾಲದಲ್ಲಿ ಮೆಡಿಸಿನ್ ವಾರ್ಡಿನಲ್ಲಿ ನೈಟ್ ಡ್ಯೂಟಿ ಮಾಡಿದ ಯಾರೇ ಆದರೂ ಈ ಪ್ರಶ್ನೆ ಕೇಳಿಯೇ ಇರುತ್ತಾರೆ. ಮನೆಯವರ ಮುಖದಲ್ಲಿ ಖುಷಿ. ಥರ್ಮಾಮೀಟರಿನಲ್ಲಿ 98.6. ಚಾರ್ಟಿನ ಗೆರೆ ಕೆಳಗಿಳಿದಿದೆ. ಹೊಸಬರಾದರೆ ನಮಗೂ ಖುಷಿಯಾಗಿ, ಮುಂದಿನ ಬೆಡ್ಡಿಗೆ ಹೋಗಿಬಿಡುತ್ತೇವೆ. ಆದರೆ ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಆ ಹೊತ್ತಿಗೆ.

ಅದಕ್ಕೇ ಕ್ಲಿನಿಕಲ್ ಜಡ್ಜ್‌ಮೆಂಟ್ ಬಗ್ಗೆ ಬರೆಯಲು ಡೆಂಗಿ ಕೇಸನ್ನೇ ಆರಿಸಿಕೊಂಡಿದ್ದೇನೆ. ಕ್ಲಾಸಿನಲ್ಲಿ ಈ ಪದಕ್ಕೆ ಉದ್ದುದ್ದ ವ್ಯಾಖ್ಯೆ ಇದೆ. ವಾರ್ಡಿನಲ್ಲಿ ಅದು ಮೂರು ಪ್ರಶ್ನೆ ಅಷ್ಟೇ. ಈ ಪೇಷೆಂಟಿಗೆ ಈಗ ಏನಾಗುತ್ತಿದೆ? ಇನ್ನೆರಡು ಗಂಟೆಯಲ್ಲಿ ಏನಾಗಬಹುದು? ನಾನು ಈಗ ಯಾರಿಗೆ ಏನು ಹೇಳಬೇಕು?

ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ಇದನ್ನು ನಾಲ್ಕು ಭಾಗ ಮಾಡಿ ಹೇಳಿದರು: ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಕೆಲಸಕ್ಕೆ ಇಳಿಯುವುದು, ಆಮೇಲೆ ಮಾಡಿದ್ದನ್ನು ತಿರುಗಿ ನೋಡುವುದು. ನಿಮ್ಮಲ್ಲಿ ಯಾರಾದರೂ ಅಮೆರಿಕಕ್ಕೆ ಹೋಗಲು ಎನ್‌ಕ್ಲೆಕ್ಸ್ (ಅಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ) ಬರೆಯುವವರಿದ್ದರೆ, ಆ ಪರೀಕ್ಷೆ 2023ರ ಏಪ್ರಿಲ್‌ನಿಂದ ಇದೇ ಬಗೆಯ ಯೋಚನೆಯನ್ನು ಆರು ಹೆಜ್ಜೆಯಾಗಿ ಒಡೆದು ಕೇಳುತ್ತಿದೆ. ನಾಲ್ಕೋ ಆರೋ, ಗಮನಿಸುವುದೇ ತಪ್ಪಿದರೆ ಉಳಿದದ್ದೆಲ್ಲ ಸುಮ್ನೆ. ಹಾಗಾಗಿ ಇಲ್ಲಿ ಅದಕ್ಕೇ ಜಾಸ್ತಿ ಜಾಗ.

ಏಳನೇ ಬೆಡ್ಡಿನವರು ಯಾರು?

ಮೂವತ್ತನಾಲ್ಕು ವರ್ಷದ ಹೆಣ್ಣುಮಗಳು, ಸುಮಾರು 50 ಕೆ.ಜಿ. ಗಾರ್ಮೆಂಟ್ಸ್ ಕೆಲಸ. ಜ್ವರ ಬಂದು ಇವತ್ತಿಗೆ ಐದನೇ ದಿನ. ಮೂರನೇ ದಿನ ಎನ್‌ಎಸ್1 (ಡೆಂಗಿ ಪತ್ತೆಯ ರಕ್ತಪರೀಕ್ಷೆ) ಪಾಸಿಟಿವ್ ಬಂದು ಅಡ್ಮಿಟ್ ಆದರು. ಪಕ್ಕದಲ್ಲಿ ತಾಯಿ ಇದ್ದಾರೆ. ಇವರು ಒಬ್ಬರೇ ಪೇಷೆಂಟ್ ಅಲ್ಲ, ನಾನು ನೋಡಿದ ಹಲವರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದ್ದೇನೆ. ನಂಬರುಗಳು ಮಾತ್ರ ವಾರ್ಡಿನಲ್ಲಿ ನಿಜಕ್ಕೂ ಸಿಗುವಂಥವು.

1. ಹ್ಯಾಂಡೋವರ್: ಹೆಸರಿನ ಜೊತೆ ದಿನವನ್ನೂ ಕೇಳಿ

ರಾತ್ರಿ ಎಂಟಕ್ಕೆ ಸಂಜೆ ಡ್ಯೂಟಿಯವರು ಹೇಳುತ್ತಾರೆ: "ಏಳನೇ ಬೆಡ್, ಡೆಂಗಿ, ಪ್ಲೇಟ್‌ಲೆಟ್ 62 ಸಾವಿರ, ಡ್ರಿಪ್ ಹೋಗ್ತಿದೆ, ಜ್ವರ ಕಮ್ಮಿ, ಸ್ಟೇಬಲ್."

"ಸ್ಟೇಬಲ್" ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ನಮ್ಮ ತಲೆ ಆ ಬೆಡ್ಡನ್ನು ಬಿಟ್ಟು ಮುಂದೆ ಹೋಗುತ್ತದೆ. ಹೋಗಲು ಬಿಡಬೇಡಿ. ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ. ಜ್ವರ ಶುರುವಾಗಿ ಎಷ್ಟನೇ ದಿನ? (ಅಡ್ಮಿಟ್ ಆಗಿ ಎಷ್ಟನೇ ದಿನ ಅಂತಲ್ಲ.) ಕೊನೆಯ ಬಿ.ಪಿ. ಎಷ್ಟು, ಎಷ್ಟು ಹೊತ್ತಿಗೆ ನೋಡಿದ್ದು? ಪಿ.ಸಿ.ವಿ. (ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಅನ್ನುವ ಲೆಕ್ಕ) ಬಂದ ದಿನ ಎಷ್ಟಿತ್ತು, ಇವತ್ತು ಎಷ್ಟು? ಕೊನೆಗೆ ಯೂರಿನ್ ಹೋದದ್ದು ಯಾವಾಗ?

ದಿನ ಯಾಕೆ ಮುಖ್ಯ ಅಂದರೆ, ಡೆಂಗಿ ದಿನದ ಲೆಕ್ಕದಲ್ಲೇ ನಡೆಯುವ ಕಾಯಿಲೆ. ಮೊದಲ ಮೂರ್ನಾಲ್ಕು ದಿನ ಜ್ವರದ ಕಾಟ. ಹೆಚ್ಚಿನವರಲ್ಲಿ ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಇಳಿಯುವ ಆ ಹೊತ್ತಿಗೇ ಕೆಲವರಲ್ಲಿ ಸಣ್ಣ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರಲು ಶುರುವಾಗುತ್ತದೆ. ಈ ಸೋರಿಕೆ 24ರಿಂದ 48 ಗಂಟೆ ಇರುತ್ತದೆ. ಆಮೇಲೆ ಹೊರಗೆ ಹೋದ ನೀರು ತಾನಾಗಿಯೇ ರಕ್ತಕ್ಕೆ ವಾಪಸ್ ಬರುತ್ತದೆ. ಐದನೇ ದಿನ ಅಂತ ಕೇಳಿದ ತಕ್ಷಣ ನಿಮ್ಮ ಕಿವಿ ನೆಟ್ಟಗಾಗಬೇಕು.

ನಮ್ಮ ಪೇಷೆಂಟಿನ ಪಿ.ಸಿ.ವಿ. ಬಂದ ದಿನ 38 ಇತ್ತು. ಸಂಜೆಯ ಸ್ಯಾಂಪಲ್ ರಿಪೋರ್ಟ್ ಇನ್ನೂ ಬಂದಿಲ್ಲ. ಯೂರಿನ್ ಬಗ್ಗೆ ಯಾರೂ ಕೇಳಿಲ್ಲ.

2. ಮೆಷಿನ್ ಹಿಡಿಯುವ ಮೊದಲು ಕೈ ಹಿಡಿಯಿರಿ

ಬೆಡ್ಡಿನ ಕಾಲಿನ ಕಡೆ ನಿಂತು ಹತ್ತು ಸೆಕೆಂಡ್ ಸುಮ್ಮನೆ ನೋಡಿ. ಹೇಗೆ ಮಲಗಿದ್ದಾರೆ? ಮಾತಾಡಿಸಿದರೆ ಕಣ್ಣು ಬಿಡುತ್ತಾರಾ? ಒಂದೇ ಸಮನೆ ಮಗ್ಗುಲು ಬದಲಿಸುತ್ತಿದ್ದಾರಾ? ನಮ್ಮ ಹೆಣ್ಣುಮಗಳು ಹೊದಿಕೆ ಒದ್ದು, ಮತ್ತೆ ಎಳೆದುಕೊಂಡು, ನೀರು ಕೇಳಿ, ಎರಡು ಗುಟುಕು ಕುಡಿದು ವಾಂತಿ ಮಾಡಿಕೊಂಡರು. ತಾಯಿ ಹೇಳಿದ್ದು: "ಸಂಜೆಯಿಂದ ಹಿಂಗೇ ಹೊರಳಾಡ್ತಾಳೆ ಸಿಸ್ಟರ್. ಆಸ್ಪತ್ರೇಲಿ ನಿದ್ದೆ ಬರಲ್ಲ ಅಲ್ವಾ."

ಆಸ್ಪತ್ರೆಯಲ್ಲಿ ನಿದ್ದೆ ಬರಲ್ಲ, ನಿಜ. ಆದರೆ ನಿನ್ನೆ 102 ಜ್ವರದಲ್ಲಿ ಮಲಗಿದ್ದವರು ಇವತ್ತು ಜ್ವರ ಇಲ್ಲದೆ ಚಡಪಡಿಸುತ್ತಿದ್ದರೆ ಅದಕ್ಕೊಂದು ಕಾರಣ ಇರಲೇಬೇಕು.

ಈಗ ಅವರ ಕೈ ಹಿಡಿಯಿರಿ. ಬೆರಳ ತುದಿಯಿಂದ ಮೊಣಕೈವರೆಗೆ ಕೈ ಸವರಿ. ಪಾದ ಮುಟ್ಟಿ. ತಣ್ಣಗಿದೆಯಾ, ತೇವ ಇದೆಯಾ? ಉಗುರನ್ನು ಐದು ಸೆಕೆಂಡ್ ಒತ್ತಿ ಬಿಡಿ. ಬಿಳಚಿದ್ದು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಇವರಿಗೆ ಮೂರು ದಾಟಿತು. ಕೈ ತಣ್ಣಗಿತ್ತು, ಹಣೆ ಮಾತ್ರ ಬೆಚ್ಚಗೆ. ಇದಕ್ಕೆ ಒಂದು ನಿಮಿಷವೂ ಬೇಕಾಗಿಲ್ಲ, ಯಾವ ಸಾಮಾನೂ ಬೇಕಾಗಿಲ್ಲ. ಆದರೂ ನಾವು ಮಾಡುವುದಿಲ್ಲ, ಯಾಕೆಂದರೆ ಚಾರ್ಟಿನಲ್ಲಿ ಇದನ್ನು ಬರೆಯಲು ಕಾಲಂ ಇಲ್ಲ.

3. ವೈಟಲ್ಸ್: ನೋಡಿ ಬರೆಯಿರಿ, ಬರೆದು ನೋಡಬೇಡಿ

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಎರಡನೇ ವರ್ಷದಲ್ಲಿ ನಾನು ಇಪ್ಪತ್ತು ಬೆಡ್ಡಿಗೂ ಉಸಿರಾಟ "20" ಅಂತ ಬರೆಯುತ್ತಿದ್ದೆ. ಎಣಿಸದೆ. ನನಗಿಂತ ಮುಂಚಿನ ಡ್ಯೂಟಿಯವರೂ ಹಾಗೇ ಬರೆದಿದ್ದರು. ಒಂದು ದಿನ ಸೀನಿಯರ್ ಸಿಸ್ಟರ್ ನನ್ನನ್ನು ಒಬ್ಬ ಅಜ್ಜನ ಬೆಡ್ ಪಕ್ಕ ನಿಲ್ಲಿಸಿ, ತಮ್ಮ ವಾಚ್ ಬಿಚ್ಚಿ ಕೈಗೆ ಕೊಟ್ಟು, "ಎಣಿಸಮ್ಮ" ಅಂದರು. 32 ಇತ್ತು. ಚಾರ್ಟಿನಲ್ಲಿ ನನ್ನದೇ ಅಕ್ಷರದಲ್ಲಿ 20. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಪಲ್ಸ್ ನೋಡಿ ಮುಗಿದ ಮೇಲೂ ಮಣಿಕಟ್ಟು ಹಿಡಿದೇ ಇರಿ, ಕಣ್ಣು ಮಾತ್ರ ಎದೆಯ ಕಡೆ ಇರಲಿ. ಎಣಿಸುತ್ತಿದ್ದೀರಿ ಅಂತ ಗೊತ್ತಾದರೆ ಪೇಷೆಂಟ್ ಉಸಿರಾಡುವ ರೀತಿಯೇ ಬದಲಾಗುತ್ತದೆ. ಪೇಷೆಂಟ್ ಕೆಡುತ್ತಿರುವಾಗ ಮೊದಲು ಬದಲಾಗುವ ನಂಬರುಗಳಲ್ಲಿ ಇದೊಂದು, ಸುಳ್ಳು ಬರೆಯುವುದರಲ್ಲಿ ಮಾತ್ರ ಇದಕ್ಕೇ ಮೊದಲ ಸ್ಥಾನ.

ಬಿ.ಪಿ.ಯಲ್ಲಿ ಇನ್ನೊಂದು ರೋಗ ಇದೆ, ರೌಂಡ್ ಮಾಡುವುದು. 110/70, 120/80, 110/70. ಬಿ.ಪಿ. ಮೀಟರಿನಲ್ಲಿ ಎರಡೆರಡಕ್ಕೆ ಗೆರೆ ಇರುತ್ತದೆ. ಶಬ್ದ ನಿಂತದ್ದು 82ರಲ್ಲಿ ಆದರೆ 82 ಅಂತಲೇ ಬರೆಯಿರಿ. ಬೇರೆ ಪೇಷೆಂಟಿಗೆ ಈ ಎರಡು ಅಂಕದಿಂದ ಏನೂ ಆಗದಿರಬಹುದು. ಡೆಂಗಿಯಲ್ಲಿ ಅದರ ಮೇಲೇ ತೀರ್ಮಾನ ನಿಲ್ಲುತ್ತದೆ, ಹೇಗೆಂದು ಮುಂದೆ ಹೇಳುತ್ತೇನೆ. ಡ್ರಿಪ್ ಹಾಕಿದ ಕೈಗೆ ಕಫ್ ಕಟ್ಟಬೇಡಿ. ಸಣ್ಣ ತೋಳಿಗೆ ದೊಡ್ಡ ಕಫ್ ಕಟ್ಟಿದರೆ ಬಿ.ಪಿ. ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ, ದಪ್ಪ ತೋಳಿಗೆ ಸಣ್ಣ ಕಫ್ ಆದರೆ ಜಾಸ್ತಿ. ಆಕ್ಸಿಮೀಟರ್ ಓದುತ್ತಿಲ್ಲವಾ? ಮೆಷಿನ್ ಕೆಟ್ಟಿದೆ ಅಂತ ಬೈಯುವ ಮೊದಲು ಬೆರಳು ಮುಟ್ಟಿ ನೋಡಿ. ಬೆರಳು ತಣ್ಣಗಾಗಿ ರಕ್ತ ಓಡದಿದ್ದರೂ ಅದು ಓದುವುದಿಲ್ಲ.

ಇನ್ನು ಯೂರಿನ್. ಇಲ್ಲಿ ನಮ್ಮ ವಾರ್ಡಿನ ಸತ್ಯ ಒಂದನ್ನು ಹೇಳಲೇಬೇಕು. ಟಾಯ್ಲೆಟ್ ದೂರ, ಗಲೀಜು, ಕೈಯಲ್ಲಿ ಡ್ರಿಪ್. ಹಾಗಾಗಿ ಹೆಂಗಸರು ನೀರು ಕುಡಿಯುವುದನ್ನೇ ಕಮ್ಮಿ ಮಾಡುತ್ತಾರೆ, ಬಂದರೂ ತಡೆದುಕೊಳ್ಳುತ್ತಾರೆ. "ಯೂರಿನ್ ಹೋಗ್ತಿದೆಯಾ?" ಅಂತ ಕೇಳಿದರೆ "ಹೂಂ" ಅಂದುಬಿಡುತ್ತಾರೆ. "ಕೊನೇ ಸಲ ಹೋಗಿದ್ದು ಎಷ್ಟೊತ್ತಿಗೆ? ಊಟಕ್ಕೆ ಮುಂಚೆನಾ, ಆಮೇಲಾ?" ಅಂತ ಕೇಳಿ. ನಮ್ಮ ಪೇಷೆಂಟ್ ಮಧ್ಯಾಹ್ನ ಮೂರಕ್ಕೆ ಹೋಗಿದ್ದು, ಆಮೇಲೆ ಇಲ್ಲ. ದೊಡ್ಡವರಿಗೆ ಗಂಟೆಗೆ ಕೆ.ಜಿ.ಗೆ ಅರ್ಧ ಮಿ.ಲೀ. ಆದರೂ ಯೂರಿನ್ ಬರಬೇಕು. 50 ಕೆ.ಜಿ. ಅಂದರೆ ಗಂಟೆಗೆ 25 ಮಿ.ಲೀ. ರಾತ್ರಿ ಹತ್ತರವರೆಗಿನ ಏಳು ಗಂಟೆಯಲ್ಲಿ 175 ಮಿ.ಲೀ. ಇವರದು ಸೊನ್ನೆ.

ಮುಟ್ಟಿನ ಬಗ್ಗೆಯೂ ಕೇಳಿ. ಡೆಂಗಿಯಲ್ಲಿ ಅದು ಜಾಸ್ತಿ ಹೋಗಬಹುದು, ತಿಂಗಳ ದಿನ ಅಲ್ಲದಿದ್ದರೂ ಬರಬಹುದು. ರೌಂಡ್ಸಿನಲ್ಲಿ ಆರು ಜನರ ಮುಂದೆ ಯಾರೂ ಹೇಳುವುದಿಲ್ಲ. ಪರದೆ ಎಳೆದು, ಕಿವಿಯ ಹತ್ತಿರ, "ಡೇಟ್ ಆಗಿದೀರಾ ಅಕ್ಕ? ಎಷ್ಟು ಪ್ಯಾಡ್ ಆಯ್ತು?" ಅಂದರೆ ಹೇಳುತ್ತಾರೆ. ಒಸಡಿನಲ್ಲಿ ರಕ್ತ, ಕಪ್ಪಗೆ ಮಲ, ಇವನ್ನೂ ಹೀಗೇ ಕೇಳಬೇಕು.

ಇನ್ನೊಂದು ಮಾತು, ಪೇಷೆಂಟ್ ಬಾಯಿಂದ ಬರುವ ಪದಗಳ ಬಗ್ಗೆ. ನಮ್ಮಲ್ಲಿ "ಗ್ಯಾಸ್ಟ್ರಿಕ್" ಅಂದರೆ ಹೊಟ್ಟೆ ಉರಿಯಿಂದ ಹಿಡಿದು ಹಾರ್ಟ್ ಅಟ್ಯಾಕ್ ತನಕ ಏನು ಬೇಕಾದರೂ ಇರಬಹುದು. ಆ ಪದ ಕೇಳಿ ಸುಮ್ಮನಾಗದೆ "ಎಲ್ಲಿ? ಕೈ ಇಟ್ಟು ತೋರಿಸಿ" ಅನ್ನಿ. ನಮ್ಮ ಪೇಷೆಂಟ್ ಹೊಟ್ಟೆಯ ಬಲಗಡೆ ಮೇಲೆ, ಪಕ್ಕೆಲುಬಿನ ಕೆಳಗೆ ಕೈ ಇಟ್ಟರು. ಹಾಗೆಯೇ "ಒಂಥರಾ ಆಗ್ತಿದೆ ಸಿಸ್ಟರ್" ಅನ್ನುವ ಮಾತು. ಕೇಸ್ ಶೀಟಿನಲ್ಲಿ ಬರೆಯಲು ಬರುವುದಿಲ್ಲ, ಆದರೆ ಅದನ್ನು ನಾನು ಎಂದೂ ಹಗುರವಾಗಿ ತೆಗೆದುಕೊಂಡಿಲ್ಲ. ಕೆಡುತ್ತಿರುವ ದೇಹ ಮನಸ್ಸಿಗೆ ಮೊದಲು ಹೇಳುವುದು ಆ ಭಾಷೆಯಲ್ಲೇ.

4. ಒಂದು ನಂಬರ್ ನೋಡಬೇಡಿ, ಮೂರನ್ನು ಸಾಲಾಗಿ ನೋಡಿ

ನಿಮ್ಮ ಪಾಕೆಟ್ ಪುಸ್ತಕದಲ್ಲಿ ಹೀಗೆ ಬರೆದುಕೊಳ್ಳಿ:

ಸಂಜೆ 4: ಟೆಂಪರೇಚರ್ 101.4, ಪಲ್ಸ್ 92, ಬಿ.ಪಿ. 110/70
ರಾತ್ರಿ 8: ಟೆಂಪರೇಚರ್ 99.8, ಪಲ್ಸ್ 98, ಬಿ.ಪಿ. 110/80
ರಾತ್ರಿ 10: ಟೆಂಪರೇಚರ್ 98.6, ಪಲ್ಸ್ 108, ಬಿ.ಪಿ. 100/82, ಉಸಿರಾಟ 24, ಆಕ್ಸಿಜನ್ 97

ಹತ್ತು ಗಂಟೆಯ ಸಾಲನ್ನು ಮಾತ್ರ ಓದಿ. ಬಿ.ಪಿ. ಮೇಲಿನದು ನೂರಿದೆ, ಜ್ವರ ಇಲ್ಲ, ಆಕ್ಸಿಜನ್ 97. "ಪರವಾಗಿಲ್ಲ" ಅನಿಸುತ್ತದೆ. ಈಗ ಮೇಲಿನಿಂದ ಕೆಳಗೆ ಓದಿ.

ಟೆಂಪರೇಚರ್ ಇಳಿಯುತ್ತಿದೆ, ಪಲ್ಸ್ ಏರುತ್ತಿದೆ. ಜ್ವರ ಇದ್ದಾಗ ಪಲ್ಸ್ ಜಾಸ್ತಿ ಇರುತ್ತದೆ, ಇಳಿದಾಗ ಕಮ್ಮಿಯಾಗಬೇಕು. ಇಲ್ಲಿ ಎರಡೂ ಎದುರುಬದುರು ನಡೆದಿವೆ. ಅಂದರೆ ಪಲ್ಸ್ ಓಡುತ್ತಿರುವುದಕ್ಕೆ ಜ್ವರ ಕಾರಣ ಅಲ್ಲ, ಇನ್ನೇನೋ ಇದೆ.

ಈಗ ಬಿ.ಪಿ.ಯ ಮೇಲಿನ ನಂಬರಿನಿಂದ ಕೆಳಗಿನದನ್ನು ಕಳೆಯಿರಿ. ನಾಲ್ಕಕ್ಕೆ 40. ಎಂಟಕ್ಕೆ 30. ಹತ್ತಕ್ಕೆ 18. ಇದೇ ಪಲ್ಸ್ ಪ್ರೆಶರ್. ಡೆಂಗಿಯಲ್ಲಿ ಇದು 20 ಅಥವಾ ಅದಕ್ಕಿಂತ ಕಮ್ಮಿಯಾಗಿ, ಜೊತೆಗೆ ಕೈಕಾಲು ತಣ್ಣಗಾಗಿದ್ದರೆ ಶಾಕ್ (ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ) ಅಂತಲೇ ಲೆಕ್ಕ, ಮೇಲಿನ ಬಿ.ಪಿ. ನೂರಿದ್ದರೂ ಸರಿ. ಯಾಕೆ ಹೀಗಾಗುತ್ತದೆ? ಸೋರಿಕೆಯಿಂದ ನಾಳದೊಳಗೆ ನೀರು ಕಮ್ಮಿಯಾಗುತ್ತದೆ. ಇರುವಷ್ಟನ್ನು ಮೆದುಳಿಗೂ ಹೃದಯಕ್ಕೂ ತಲುಪಿಸಲು ದೇಹ ಕೈಕಾಲಿನ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ಬಿಗಿ ಹಿಡಿದಾಗ ಕೆಳಗಿನ ಬಿ.ಪಿ. ಏರುತ್ತದೆ, ಕೈಕಾಲು ತಣ್ಣಗಾಗುತ್ತವೆ. ಮೇಲಿನ ಬಿ.ಪಿ. ಸ್ವಲ್ಪ ಹೊತ್ತು ಹಾಗೂ ಹೀಗೂ ನಿಂತಿರುತ್ತದೆ. ಅದು ಬಿದ್ದ ಮೇಲೆ ಕೈಯಲ್ಲಿ ಜಾಸ್ತಿ ಸಮಯ ಇರುವುದಿಲ್ಲ. ಇಲ್ಲಿ 82ನ್ನು 80 ಅಂತ, ನೂರನ್ನು 110 ಅಂತ "ಅಂದಾಜು" ಬರೆದಿದ್ದರೆ? ಪಲ್ಸ್ ಪ್ರೆಶರ್ 30 ಆಗುತ್ತಿತ್ತು. ಎಂಟು ಗಂಟೆಯದೇ ನಂಬರ್. ಯಾರೂ ತಿರುಗಿ ನೋಡುತ್ತಿರಲಿಲ್ಲ.

5. ಏನಿರಬಹುದು ಅಂತ ಕನಿಷ್ಠ ಮೂರು ಯೋಚಿಸಿ

ಮೊದಲು ಹೊಳೆದದ್ದಕ್ಕೇ ಅಂಟಿಕೊಳ್ಳುವುದು ಎಲ್ಲರಿಗೂ ಇರುವ ಅಭ್ಯಾಸ. ಅದಕ್ಕೆ ಮದ್ದು, ಬೇಕಂತಲೇ ಇನ್ನೆರಡು ಸಾಧ್ಯತೆ ಹುಡುಕುವುದು.

ಒಂದು, ಪ್ಲಾಸ್ಮಾ (ರಕ್ತದ ನೀರಿನಂಶ) ಸೋರಿಕೆ. ದಿನ ಸರಿಹೊಂದುತ್ತದೆ, ತಣ್ಣನೆ ಕೈ, ಪಲ್ಸ್ ಪ್ರೆಶರ್, ಬಲಗಡೆ ಹೊಟ್ಟೆನೋವು, ನಿಲ್ಲದ ವಾಂತಿ, ಯೂರಿನ್ ಇಲ್ಲ, ಎಲ್ಲವೂ ಸರಿಹೊಂದುತ್ತದೆ. ಎರಡು, ಒಳಗೆಲ್ಲೋ ರಕ್ತ ಹೋಗುತ್ತಿರುವುದು. ಮಲ, ಮುಟ್ಟು ಕೇಳಿದ್ದಾಯಿತು, ಇಲ್ಲ ಅಂದರು. ಆದರೂ ಮನಸ್ಸಿನಲ್ಲಿ ಇಟ್ಟುಕೊಂಡಿರಿ. ಮೂರು, ವಾಂತಿಯಿಂದ ಊಟ ಹೊಟ್ಟೆಗೆ ನಿಲ್ಲದೆ ಶುಗರ್ ಇಳಿದಿರುವುದು. ಚಡಪಡಿಕೆ, ಬೆವರು ಅದರಲ್ಲೂ ಬರುತ್ತದೆ. ಸ್ಟಾಫ್ ನರ್ಸಿಗೆ ಹೇಳಿ ಒಂದು ಜಿ.ಆರ್.ಬಿ.ಎಸ್. (ಬೆರಳು ಚುಚ್ಚಿ ನೋಡುವ ಶುಗರ್ ಪರೀಕ್ಷೆ) ನೋಡಿದರೆ ಗೊತ್ತಾಗುತ್ತದೆ. ನಮ್ಮವರದು 96, ಅಲ್ಲಿಗೆ ಅದು ಮುಗಿಯಿತು.

ಅಷ್ಟರಲ್ಲಿ ಲ್ಯಾಬಿನಿಂದ ಪಿ.ಸಿ.ವಿ. ಬಂತು: 46. 38ರಿಂದ 46 ಅಂದರೆ 8 ಜಾಸ್ತಿ. 8ನ್ನು 38ರಿಂದ ಭಾಗಿಸಿದರೆ ಶೇ. 21. ಪಿ.ಸಿ.ವಿ. ಶೇ. 20ಕ್ಕಿಂತ ಜಾಸ್ತಿ ಏರಿದೆ ಅಂದರೆ ನೀರು ಸೋರಿ ರಕ್ತ ಗಟ್ಟಿಯಾಗಿದೆ ಅಂತ ಅರ್ಥ.

ಮನೆಯವರೆಲ್ಲ ಪ್ಲೇಟ್‌ಲೆಟ್ ಹಿಂದೆ ಬಿದ್ದಿರುತ್ತಾರೆ. "ಎಷ್ಟಾಯ್ತು ಸಿಸ್ಟರ್? ಪರಂಗಿ ಎಲೆ ರಸ ಕೊಡಬಹುದಾ?" ಅವರ ತಪ್ಪಲ್ಲ, ಟಿವಿಯಲ್ಲೂ ಬರುವುದು ಅದೇ ನಂಬರ್. ಆದರೆ ಪೇಷೆಂಟ್ ಶಾಕಿಗೆ ಹೋಗುವುದು ಸೋರಿಕೆಯಿಂದ, ಅದನ್ನು ಹೇಳುವುದು ಪಿ.ಸಿ.ವಿ. ನೀವೂ ಪ್ಲೇಟ್‌ಲೆಟ್ ಒಂದನ್ನೇ ನೋಡಿಕೊಂಡು ಕೂರಬೇಡಿ.

6. ಸ್ಕೋರ್ ಹಾಕಿ, ಆದರೆ ಸ್ಕೋರಿಗೆ ತಲೆ ಒಪ್ಪಿಸಬೇಡಿ

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ, ಪೇಷೆಂಟ್ ಕೆಡುತ್ತಿರುವುದನ್ನು ಬೇಗ ಹಿಡಿಯಲು, ನ್ಯೂಸ್ ಎಂಬ ಸ್ಕೋರ್ ತಂದಿತು. 2017ರಲ್ಲಿ ಅದನ್ನು ತಿದ್ದಿ ನ್ಯೂಸ್2 ಮಾಡಿತು. ಉಸಿರಾಟ, ಆಕ್ಸಿಜನ್, ಆಕ್ಸಿಜನ್ ಹಾಕಿದ್ದಾರೋ ಇಲ್ಲವೋ, ಮೇಲಿನ ಬಿ.ಪಿ., ಪಲ್ಸ್, ಎಚ್ಚರ, ಟೆಂಪರೇಚರ್, ಇವಿಷ್ಟಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ನಮ್ಮ ಪೇಷೆಂಟಿಗೆ ಹಾಕೋಣ. ಉಸಿರಾಟ 24ಕ್ಕೆ 2. ಬಿ.ಪಿ. 100ಕ್ಕೆ 2. ಪಲ್ಸ್ 108ಕ್ಕೆ 1. ಉಳಿದದ್ದೆಲ್ಲ ಸೊನ್ನೆ. ಒಟ್ಟು 5. ಐದಾದರೆ ಡಾಕ್ಟರ್ ತುರ್ತಾಗಿ ಬಂದು ನೋಡಬೇಕು, ಏಳಾದರೆ ಎಮರ್ಜೆನ್ಸಿ. ಯಾವುದೇ ಒಂದರಲ್ಲಿ ಮೂರು ಬಂದರೂ ಸುಮ್ಮನಿರುವಂತಿಲ್ಲ.

ಗಮನಿಸಿ, ಉಸಿರಾಟ "20" ಅಂತ ಬರೆದಿದ್ದರೆ ಇದೇ ಸ್ಕೋರ್ 3 ಆಗುತ್ತಿತ್ತು. ಇನ್ನೊಂದು, ಈ ಸ್ಕೋರಿಗೆ ಪಲ್ಸ್ ಪ್ರೆಶರ್ ಗೊತ್ತಿಲ್ಲ, ತಣ್ಣನೆ ಕೈ ಗೊತ್ತಿಲ್ಲ, ಯೂರಿನ್ ಗೊತ್ತಿಲ್ಲ. ಸ್ಕೋರ್ ಕಮ್ಮಿ ಬಂದು ಕೈ ತಣ್ಣಗಿದ್ದರೆ ನಾನು ಕೈಯನ್ನೇ ನಂಬುತ್ತೇನೆ. ಗರ್ಭಿಣಿಯರಿಗೂ 16 ವರ್ಷದೊಳಗಿನ ಮಕ್ಕಳಿಗೂ ಇದನ್ನು ಬಳಸುವಂತಿಲ್ಲ.

7. ಹೇಳುವುದು

ವಿದ್ಯಾರ್ಥಿಯಾದ ನೀವು ಮೊದಲು ಹೇಳಬೇಕಾದದ್ದು ಡ್ಯೂಟಿಯಲ್ಲಿರುವ ಸ್ಟಾಫ್ ನರ್ಸಿಗೆ. ಸಮಸ್ಯೆ ಏನೆಂದರೆ ನಾವು ಹೇಳುವುದು ಹೀಗೆ: "ಸಿಸ್ಟರ್, ಏಳನೇ ಬೆಡ್ಡಿನವರು ಯಾಕೋ ಸರಿ ಇಲ್ಲ ಅನ್ಸುತ್ತೆ, ಒಂದ್ಸಲ ನೋಡ್ತೀರಾ?" ಮೂವತ್ತು ಪೇಷೆಂಟ್ ಇಟ್ಟುಕೊಂಡು ಇಂಜೆಕ್ಷನ್ ಲೋಡ್ ಮಾಡುತ್ತಿರುವವರು "ಬರ್ತೀನಿ, ನಡಿ" ಅನ್ನುತ್ತಾರೆ. ಅವರದೂ ತಪ್ಪಿಲ್ಲ, ನಿಮ್ಮ ಮಾತಿನಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಎಸ್‌ಬಿಎಆರ್ ಅಂತ ಪಾಠದಲ್ಲಿ ಓದಿರುತ್ತೀರಿ: ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಏನು ಬೇಕು. ಬಾಯಲ್ಲಿ ಅದು ಹೀಗೆ ಬರಬೇಕು:

"ಸಿಸ್ಟರ್, ಏಳನೇ ಬೆಡ್ ಈಗಲೇ ನೋಡಬೇಕು. ಬಿ.ಪಿ. 100/82, ಪಲ್ಸ್ ಪ್ರೆಶರ್ 18. ಪಲ್ಸ್ 108, ಕೈ ತಣ್ಣಗಿದೆ. ಡೆಂಗಿ ಐದನೇ ದಿನ, ಜ್ವರ ಇವತ್ತು ಬಿಟ್ಟಿದೆ. ಪಿ.ಸಿ.ವಿ. 38 ಇದ್ದಿದ್ದು 46 ಆಗಿದೆ. ಮೂರು ಗಂಟೆಯಿಂದ ಯೂರಿನ್ ಇಲ್ಲ, ಮೂರು ಸಲ ವಾಂತಿ. ಶಾಕಿಗೆ ಹೋಗ್ತಿದಾರೆ ಅನ್ಸುತ್ತೆ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡೋಣ್ವಾ?"

ಅರ್ಧ ನಿಮಿಷವೂ ಆಗುವುದಿಲ್ಲ. ಇಂಜೆಕ್ಷನ್ ಟ್ರೇ ಅಲ್ಲೇ ಬಿಟ್ಟು ಬರುತ್ತಾರೆ.

ಬರದಿದ್ದರೆ? ಐದು ನಿಮಿಷ ಬಿಟ್ಟು ಮತ್ತೆ ಹೋಗಿ, ಹೊಸ ಬಿ.ಪಿ. ಜೊತೆ. ಆಗಲೂ ಆಗದಿದ್ದರೆ ವಾರ್ಡಿನಲ್ಲಿರುವ ಹೌಸ್ ಸರ್ಜನ್, ನೈಟ್ ಸೂಪರ್‌ವೈಸರ್, ಯಾರು ಸಿಗುತ್ತಾರೋ ಅವರಿಗೆ ಹೇಳಿ. "ನಾನು ಸ್ಟೂಡೆಂಟು, ನಂಗ್ಯಾಕೆ" ಅನಿಸುವುದು ಸಹಜ. ಬೈಸಿಕೊಂಡರೆ ಬೈಸಿಕೊಳ್ಳಿ. ಡಾಕ್ಟರ್ ಫೋನಿನಲ್ಲೇ ಆರ್ಡರ್ ಹೇಳಿದರೆ ಅದನ್ನು ತೆಗೆದುಕೊಳ್ಳುವುದು ಸ್ಟಾಫ್ ನರ್ಸ್ ಕೆಲಸ, ನಿಮ್ಮದಲ್ಲ. ಅವರು ತಿರುಗಿ ಓದಿ ಹೇಳುವಾಗ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಿ.

8. ಡಾಕ್ಟರ್ ಬರುವ ತನಕ

ಚಪ್ಪಟೆ ಮಲಗಿಸಿ. ವಾಂತಿ ಇದೆ, ಹಾಗಾಗಿ ತಲೆ ಪಕ್ಕಕ್ಕೆ. ಕ್ಯಾನುಲಾದಲ್ಲಿ (ಡ್ರಿಪ್ಪಿಗಾಗಿ ರಕ್ತನಾಳದಲ್ಲಿಟ್ಟ ಸಣ್ಣ ಕೊಳವೆ) ಡ್ರಿಪ್ ಸರಿಯಾಗಿ ಹೋಗುತ್ತಿದೆಯಾ, ಆ ಜಾಗ ಊದಿದೆಯಾ ನೋಡಿ. ಬಾಟಲಿ ತುಂಬಿದೆ, ಹನಿ ಬೀಳುತ್ತಿಲ್ಲ, ಯಾರೂ ನೋಡಿಲ್ಲ, ಇದು ನಾವು ಎಷ್ಟೋ ಸಲ ಕಂಡದ್ದೇ. ಎರಡನೇ ಕ್ಯಾನುಲಾಗೆ ಸಾಮಾನು ಜೋಡಿಸಿಡಿ. ಬಿ.ಪಿ. ಮೀಟರ್ ಬೇರೆ ಬೆಡ್ಡಿಗೆ ಹೋಗದಂತೆ ಇಲ್ಲೇ ಇರಲಿ. ಎದ್ದು ಟಾಯ್ಲೆಟ್ಟಿಗೆ ಹೋಗಲು ಬಿಡಬೇಡಿ, ಬೆಡ್‌ಪ್ಯಾನ್ ಕೊಡಿ, ಬಂದದ್ದನ್ನು ಅಳೆಯಿರಿ.

ಮಾಡಬಾರದ್ದು: ಆರ್ಡರ್ ಇಲ್ಲದೆ ಡ್ರಿಪ್ ಜೋರು ಮಾಡುವುದು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೇವೆ, ಆದರೆ ಎಷ್ಟು ಹೋಯಿತು ಅಂತ ಲೆಕ್ಕ ತಪ್ಪುತ್ತದೆ. ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವ ಜಾಸ್ತಿಯಾಗುತ್ತದೆ. ಸೊಂಟಕ್ಕೆ ಇಂಜೆಕ್ಷನ್ನೂ ಬೇಡ. ಹಳೇ ಆರ್ಡರಿನಲ್ಲಿ ಇವು ಉಳಿದಿದ್ದರೆ ಸ್ಟಾಫ್ ನರ್ಸಿಗೆ ತೋರಿಸಿ. ತಾಯಿ ಪ್ರೀತಿಯಿಂದ ತಂದ ದಾಳಿಂಬೆ ರಸ, ಬೀಟ್‌ರೂಟ್ ರಸ ಬದಿಗಿಡಿಸಿ. ಮುಂದಿನ ವಾಂತಿ ಕೆಂಪಗಿದ್ದರೆ ರಸವೋ ರಕ್ತವೋ ಯಾರು ಹೇಳುತ್ತಾರೆ?

ಆ ತಾಯಿಗೂ ಏನಾದರೂ ಹೇಳಬೇಕು. "ಏನಿಲ್ಲಮ್ಮ, ಗಾಬರಿ ಬೇಡ" ಅನ್ನಬೇಡಿ. ನಾಲ್ಕು ಜನ ಬೆಡ್ ಸುತ್ತ ಓಡಾಡುವುದು ಅವರಿಗೂ ಕಾಣುತ್ತದೆ. ನಾನು ಹೇಳುವುದು ಹೀಗೆ: "ಅಮ್ಮ, ಜ್ವರ ಬಿಟ್ಟಿದೆ, ಆದರೆ ಈ ಕಾಯಿಲೇಲಿ ಜ್ವರ ಬಿಟ್ಟ ಒಂದೆರಡು ದಿನ ಹುಷಾರಾಗಿ ನೋಡ್ಬೇಕು. ಬಿ.ಪಿ. ಇಳೀತಿದೆ, ಡಾಕ್ಟ್ರು ಬರ್ತಿದಾರೆ. ನೀವು ಇಲ್ಲೇ ಇರಿ, ಮಗಳು ಮಾತಾಡೋದು ಬದಲಾದ್ರೆ ತಕ್ಷಣ ನನ್ನ ಕರೀರಿ." ಕೆಲಸ ಕೊಟ್ಟರೆ ಗಾಬರಿ ಅರ್ಧ ಕಮ್ಮಿಯಾಗುತ್ತದೆ. ಪೇಷೆಂಟಿನಲ್ಲಾದ ಬದಲಾವಣೆ ಮೊದಲು ಕಾಣುವುದೂ ಅವರಿಗೇ.

9. ಹನಿ ಲೆಕ್ಕ

ಡಾಕ್ಟರ್ ಬಂದು ನೋಡಿ, ರಿಂಗರ್ ಲ್ಯಾಕ್ಟೇಟ್ (ಡ್ರಿಪ್ಪಿನಲ್ಲಿ ಕೊಡುವ ಲವಣದ ದ್ರಾವಣ) ಮೊದಲ ಗಂಟೆಗೆ 300 ಮಿ.ಲೀ. ಬರೆದರು. ಕೆ.ಜಿ.ಗೆ 6 ಮಿ.ಲೀ. ಆಯಿತು. ಬಿ.ಪಿ. ಇನ್ನೂ ನಿಂತಿರುವ ಇಂಥ ಶಾಕಿಗೆ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ಮೊದಲ ಗಂಟೆಗೆ ಕೆ.ಜಿ.ಗೆ 5ರಿಂದ 10 ಮಿ.ಲೀ.

ಪಂಪ್ ಇಲ್ಲ ಅಂದುಕೊಳ್ಳಿ, ಎಷ್ಟೋ ವಾರ್ಡಿನಲ್ಲಿ ಇರುವುದೂ ಇಲ್ಲ. ಐ.ವಿ. ಸೆಟ್ಟಿನ ಕವರಿನ ಮೇಲೆ ಒಂದು ಮಿ.ಲೀ.ಗೆ ಎಷ್ಟು ಹನಿ ಅಂತ ಬರೆದಿರುತ್ತದೆ. 20 ಇದ್ದರೆ: 300ನ್ನು 20ರಿಂದ ಗುಣಿಸಿ, 60 ನಿಮಿಷದಿಂದ ಭಾಗಿಸಿ. ನಿಮಿಷಕ್ಕೆ 100 ಹನಿ. ಕಾಲು ನಿಮಿಷಕ್ಕೆ 25. ವಾಚ್ ಹಿಡಿದು ಎಣಿಸಿ ಸೆಟ್ ಮಾಡಿ. ಕವರಿನಲ್ಲಿ 15 ಅಂತ ಇದ್ದರೆ ನಿಮಿಷಕ್ಕೆ 75 ಹನಿ. ಕವರ್ ನೋಡದೆ ಮಾಡಿದರೆ ನಾಲ್ಕರಲ್ಲಿ ಒಂದು ಪಾಲು ಹೆಚ್ಚುಕಮ್ಮಿ ಆಗಿಬಿಡುತ್ತದೆ. ಬಾಟಲಿಯ ಪಕ್ಕ ಪ್ಲಾಸ್ಟರ್ ಅಂಟಿಸಿ ಶುರು ಮಾಡಿದ ಹೊತ್ತು ಬರೆಯಿರಿ. ಪೇಷೆಂಟ್ ಕೈ ಮಡಿಸಿದರೆ ಹನಿ ನಿಧಾನವಾಗುತ್ತದೆ, ಕಾಲು ಗಂಟೆಗೊಮ್ಮೆ ನೋಡಬೇಕು.

10. ತಿರುಗಿ ನೋಡುವುದು

ಡ್ರಿಪ್ ಹಾಕಿದ ಮೇಲೆ ಎಲ್ಲರೂ ಉಸಿರು ಬಿಟ್ಟು ಚಾರ್ಟ್ ಬರೆಯಲು ಕೂರುತ್ತಾರೆ. ನಿಮ್ಮ ಕೆಲಸ ಇನ್ನೂ ಅರ್ಧವಾಗಿದೆ. ಶಾಕಿನಿಂದ ಹೊರಬರುವ ತನಕ ಪ್ರತಿ 15ರಿಂದ 30 ನಿಮಿಷಕ್ಕೆ ಪಲ್ಸ್, ಬಿ.ಪಿ., ಉಸಿರಾಟ, ಕೈಯ ಬಿಸಿ. ಗಂಟೆ ಗಂಟೆಗೆ ಯೂರಿನ್. ಹನ್ನೆರಡು ಗಂಟೆಗೆ ನಮ್ಮವರ ಬಿ.ಪಿ. 108/76, ಪಲ್ಸ್ 96. ಕೈ ಬೆಚ್ಚಗಾಗಿತ್ತು. ರಾತ್ರಿ ಒಂದಕ್ಕೆ 120 ಮಿ.ಲೀ. ಯೂರಿನ್ ಬಂತು. ತಾಯಿ ಬೆಡ್‌ಪ್ಯಾನ್ ತಂದು ತೋರಿಸಿದರು, ಬಹುಮಾನ ತೋರಿಸುವ ಹಾಗೆ.

ಪಿ.ಸಿ.ವಿ. ಮತ್ತೆ ಕಳಿಸಿದಾಗ 40 ಬಂತು. ಇಲ್ಲಿ ಹುಷಾರು. ಪಿ.ಸಿ.ವಿ. ಇಳಿಯುವುದು ಎರಡು ಕಾರಣಕ್ಕೆ. ಕೈ ಬೆಚ್ಚಗಿದ್ದು, ಪಲ್ಸ್ ಇಳಿದು, ಯೂರಿನ್ ಬರುತ್ತಾ ಪಿ.ಸಿ.ವಿ. ಇಳಿದರೆ ಒಳ್ಳೆಯದು, ನೀರು ಕೆಲಸ ಮಾಡಿದೆ. ಕೈ ತಣ್ಣಗೇ ಇದ್ದು, ಪಲ್ಸ್ ಓಡುತ್ತಲೇ ಇದ್ದು ಪಿ.ಸಿ.ವಿ. ಇಳಿದರೆ? ಒಳಗೆ ರಕ್ತ ಹೋಗುತ್ತಿದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಿ ಅಂದಿದ್ದೆನಲ್ಲ, ಆ ಎರಡನೇ ಸಾಧ್ಯತೆ. ಆಗ ಬೇಕಾಗುವುದು ಸಲೈನ್ ಅಲ್ಲ, ರಕ್ತ. ತಕ್ಷಣ ಹೇಳಬೇಕು.

ಬರೆಯುವಾಗ ಹೊತ್ತು, ಕಂಡದ್ದು, ಯಾರಿಗೆ ಹೇಳಿದ್ದು, ಏನು ಮಾಡಿದ್ದು, ಆಮೇಲೆ ಹೇಗಿದ್ದರು, ಈ ಕ್ರಮದಲ್ಲಿ ಬರೆಯಿರಿ. "ಪೇಷೆಂಟ್ ಕಂಡೀಷನ್ ಫೇರ್" ಅಂತ ಮಾತ್ರ ಬರೆಯಬೇಡಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ ನಿಮ್ಮ ಹ್ಯಾಂಡೋವರ್

ಈಗ "ಸ್ಟೇಬಲ್" ಅನ್ನುವ ಆಸೆ ನಿಮಗೂ ಬರುತ್ತದೆ. ಅದರ ಬದಲು ಹೀಗೆ ಹೇಳಿ: "ಏಳನೇ ಬೆಡ್, ಡೆಂಗಿ ಆರನೇ ದಿನಕ್ಕೆ ಬಿದ್ದಿದಾರೆ. ರಾತ್ರಿ ಹತ್ತಕ್ಕೆ ಪಲ್ಸ್ ಪ್ರೆಶರ್ 18 ಆಗಿ ಶಾಕಿಗೆ ಹೋಗಿದ್ರು. ಫ್ಲೂಯಿಡ್ ಕೊಟ್ಟ ಮೇಲೆ ಈಗ 110/74, ಪಲ್ಸ್ 88. ರಾತ್ರಿಯಿಂದ ಒಟ್ಟು ಇಷ್ಟು ಹೋಗಿದೆ, ಇಷ್ಟು ಯೂರಿನ್ ಬಂದಿದೆ. ಹನ್ನೆರಡಕ್ಕೆ ಪಿ.ಸಿ.ವಿ. ಕಳಿಸಬೇಕು."

ಕೊನೆಗೆ ಇದನ್ನೂ ಸೇರಿಸಿ. ಇವತ್ತು ಸಂಜೆಯಿಂದ ನಾಳೆಯೊಳಗೆ ಸೋರಿದ ನೀರು ರಕ್ತಕ್ಕೆ ವಾಪಸ್ ಬರಲು ಶುರುವಾಗುತ್ತದೆ. ಆಗಲೂ ಡ್ರಿಪ್ ಅದೇ ವೇಗದಲ್ಲಿ ಹೋಗುತ್ತಿದ್ದರೆ ನೀರು ಶ್ವಾಸಕೋಶಕ್ಕೆ ನುಗ್ಗುತ್ತದೆ. "ಮಲಗಿದರೆ ಕೆಮ್ಮು ಬರುತ್ತಾ, ಎರಡು ದಿಂಬು ಕೇಳ್ತಾರಾ, ನೋಡ್ಕೊಳ್ಳಿ. ಡ್ರಿಪ್ ಯಾವಾಗ ಕಮ್ಮಿ ಮಾಡೋದು ಅಂತ ರೌಂಡ್ಸಲ್ಲಿ ಕೇಳಿ."